ಮಧುಗಿರಿಯ ಮುಮ್ಮಡಿ ಚಿಕ್ಕಭೂಪಾಲ: ಪ್ರಭುತ್ವ ಮತ್ತು ನಾದವ್ಯಾಸಂಗ

ವಿದ್ಯೆಯೊಂದಕ್ಕೆ ಮನಸೋತವನು ತನ್ನ ನಿತ್ಯದ ಹೊಣೆಯನ್ನು ಹೇಗೆ ನಿರ್ವಹಿಸಬೇಕೆಂಬುದು ಇಂದು ನಿನ್ನೆಯ ಪ್ರಶ್ನೆಯಲ್ಲ. ವಿದ್ಯೆಯು ಇಡೀ ಮನುಷ್ಯನನ್ನು ಬೇಡುತ್ತದೆ. ಮನೆಯೂ ಊರೂ ಅಷ್ಟೇ ಹಕ್ಕಿನಿಂದ ಅವನನ್ನು ಬೇಡುತ್ತವೆ. ಒಂದಕ್ಕೆ ಸಲ್ಲಿಸಿದ ಹೊತ್ತು ಇನ್ನೊಂದಕ್ಕೆ ಬಾಕಿಯಾಗಿ ಉಳಿಯುತ್ತದೆ. ಸಾಮಾನ್ಯನಿಗೆ ಇದು ಗೃಹಕೃತ್ಯದ ಸಮಸ್ಯೆಯಾದರೆ, ನಾಡನ್ನಾಳುವವನಿಗೆ ಸಾವಿರಾರು ಜನರ ಸುಖದುಃಖದ ಸಮಸ್ಯೆ. ತುಮಕೂರು ಜಿಲ್ಲೆಯ ಮಧುಗಿರಿಯ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ನಮ್ಮ ಮುಂದಿಡುವ ಪ್ರಭುವೊಬ್ಬನಿದ್ದಾನೆ. ಅವನೇ ಹದಿನೇಳನೆಯ ಶತಮಾನದ ಮುಮ್ಮಡಿ ಚಿಕ್ಕಭೂಪಾಲ. ಕೋಟೆಕೊತ್ತಲಗಳ ಆ ನಾಡಿನಲ್ಲಿದ್ದುಕೊಂಡು ಆತ ಸಂಸ್ಕೃತದಲ್ಲಿ ‘ಅಭಿನವಭರತಸಾರಸಂಗ್ರಹ’ವೆಂಬ ಸಂಗೀತಶಾಸ್ತ್ರ ಗ್ರಂಥವನ್ನು ರಚಿಸಿದನು.

ಗ್ರಂಥದ ಮಹತ್ತ್ವವನ್ನು ಅರಿಯಬೇಕಾದರೆ ಅದು ಹುಟ್ಟಿದ ನೆಲವನ್ನು ಮೊದಲು ಅರಿಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ತಾಲ್ಲೂಕುಗಳು. ಬಂಡೆಗಲ್ಲಿನ ಬೆಟ್ಟಗಳು, ಕೆಂಪು ಮಸಬು ಭೂಮಿ, ಅಪರೂಪದ ಮಳೆ, ಕೆರೆಯನ್ನು ನೆಚ್ಚಿದ ಬೇಸಾಯ ಇವು ಈ ಸೀಮೆಯ ಲಕ್ಷಣಗಳು. ಜಯಮಂಗಲಿ, ಸುವರ್ಣಮುಖಿಗಳು ಇಲ್ಲಿ ಹರಿದರೂ ಅವು ವರ್ಷವಿಡೀ ತುಂಬಿ ಹರಿಯುವ ಹೊಳೆಗಳಲ್ಲ. ಬೆಟ್ಟವಿದ್ದಲ್ಲಿ ದುರ್ಗ, ದುರ್ಗವಿದ್ದಲ್ಲಿ ಒಬ್ಬ ನಾಯಕ ಎಂಬಂತೆ ವಿಜಯನಗರದ ಅವನತಿಯ ಅನಂತರ ಇಲ್ಲಿ ಪಾಳೆಯಪಟ್ಟುಗಳು ತಲೆಯೆತ್ತಿದವು. ಪಾವಗಡ, ನಿಡುಗಲ್ಲು, ಮಿಡಿಗೇಶಿ, ಚನ್ನರಾಯನದುರ್ಗಗಳ ಕೋಟೆಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಕೊರಟಗೆರೆಯಲ್ಲಿ ರಣಬೈರೇಗೌಡನ ಹೆಸರು ಜನರ ನಾಲಗೆಯ ಮೇಲಿದೆ. ಮಧುಗಿರಿಯ ಸಮೀಪದ ಬಿಜ್ಜವರ ಮಹಾನಾಡ ಪ್ರಭುಗಳ ನೆಲೆಯಾಗಿತ್ತು. ಚಿಕ್ಕಭೂಪಾಲನು ಈ ಮನೆತನಕ್ಕೆ ಸೇರಿದವನು.

ಮಧುಗಿರಿಯ ಕೋಟೆಯ ಹುಟ್ಟಿನ ಬಗೆಗೆ ಐತಿಹ್ಯವೊಂದುಂಟು. ರಾಜಾ ಹಿರೇಗೌಡನ ಹಿಂಡಿನಿಂದ ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದಿಂದ ಮೈಯೆಲ್ಲ ನೆನೆದು ಮರಳಿ ಬಂದಿತಂತೆ. ಬರಡು ಬಂಡೆಯ ಮೇಲಿಂದ ಬಂದ ಕುರಿಯ ಮೈಯಲ್ಲಿ ನೀರು ತೊಟ್ಟಿಕ್ಕುತ್ತಿರುವುದನ್ನು ಕಂಡ ಗೌಡನು ಮೇಲೆ ಒರತೆಯಿರಬೇಕೆಂದು ಊಹಿಸಿದನು. ಹುಡುಕಿದಾಗ ನೀರು ಸಿಕ್ಕಿತು. ನೀರಿದ್ದ ಬೆಟ್ಟದ ಮೇಲೆ ಮಣ್ಣಿನ ಕೋಟೆ ಎದ್ದಿತು. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಅದರ ಒಳದನಿ ಗಮನಾರ್ಹವಾದುದು. ಕುರಿ ಎಣಿಸುವ ದಿನನಿತ್ಯದ ಕೆಲಸದಲ್ಲಿ ಕಣ್ಣಿಟ್ಟಿದ್ದವನಿಗೆ ಮಾತ್ರ ಒದ್ದೆಯಾದ ಉಣ್ಣೆ ಕಾಣಿಸೀತು. ನಾಡಿನ ಆಳ್ವಿಕೆಯೂ ಅಂತಹ ಎಚ್ಚರದಿಂದಲೇ ಮೊದಲಾಯಿತೆಂದು ಜನ ನಂಬಿದ್ದರು.

ಹದಿನೇಳನೆಯ ಶತಮಾನದಲ್ಲಿ ಈ ಎಚ್ಚರ ಎಂದಿಗಿಂತ ಹೆಚ್ಚು ಬೇಕಾಗಿತ್ತು. ಕ್ರಿ.ಶ. ೧೬೩೮ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಕಸ್ತೂರಿ ರಂಗಪ್ಪನಾಯಕನಿಂದ ಶಿರಾವನ್ನು ಗೆದ್ದನು. ನೆರೆಯಲ್ಲಿಯೇ ಆದಿಲ್‌ಶಾಹಿ ಅಧಿಕಾರ ನೆಲೆಯೂರಿದಂತಾಯಿತು. ದಕ್ಷಿಣದಿಂದ ಮೈಸೂರಿನ ಒಡೆಯರು ತಮ್ಮ ಗಡಿಯನ್ನು ವರ್ಷದಿಂದ ವರ್ಷಕ್ಕೆ ಮುಂದೊತ್ತುತ್ತಿದ್ದರು. ಎರಡು ಪ್ರಬಲ ಶಕ್ತಿಗಳ ನಡುವೆ ಸಿಕ್ಕಿದ ಚಿಕ್ಕ ಸೀಮೆಯ ಪ್ರಭುವಿಗೆ ನೆಮ್ಮದಿಯ ನಿದ್ರೆಯೇ ದುರ್ಲಭ. ಅಂತಹ ಕಾಲದಲ್ಲಿ ಶ್ರುತಿ, ಸ್ವರ, ರಾಗಗಳ ಲಕ್ಷಣವನ್ನು ವಿಚಾರ ಮಾಡುವ ವಿದ್ಯೆಗೆ ಒಬ್ಬ ಪ್ರಭು ಮನಸ್ಸು ಕೊಟ್ಟನೆಂಬುದು ಮೊದಲ ನೋಟಕ್ಕೆ ಅಚ್ಚರಿಯನ್ನೂ, ಎರಡನೆಯ ನೋಟಕ್ಕೆ ಸಂದೇಹವನ್ನೂ ಹುಟ್ಟಿಸುತ್ತದೆ. ಆತ ಹೊಣೆಯನ್ನು ಮರೆತನೆ?

ಉತ್ತರವನ್ನು ಹುಡುಕಲು ಗ್ರಂಥದ ಹೆಸರಿನಿಂದಲೇ ತೊಡಗಬಹುದು. ‘ಸಾರಸಂಗ್ರಹ’ವೆಂದರೆ ಪೂರ್ವಾಚಾರ್ಯರ ಮತಗಳನ್ನು ಓದಿ, ಹೋಲಿಸಿ, ಬೇಕಾದುದನ್ನು ಆಯ್ದು ಜೋಡಿಸಿದ ಕೃತಿ. ಇದು ಒಂದು ರಾತ್ರಿಯ ಆವೇಶದಿಂದ ಆಗುವ ಕೆಲಸವಲ್ಲ. ಓಲೆಗರಿಗಳನ್ನು ಕೂಡಿಹಾಕಬೇಕು, ಪಾಠ ಕೆಟ್ಟಲ್ಲಿ ತಿದ್ದಬೇಕು, ತಿಳಿದವರೊಡನೆ ಚರ್ಚಿಸಬೇಕು, ಬಿಟ್ಟಲ್ಲಿಂದ ಮತ್ತೆ ಹಿಡಿಯಬೇಕು. ದಿನದಿನವೂ ಸ್ವಲ್ಪಸ್ವಲ್ಪವಾಗಿ ಬೆಳೆಯುವ ಕಾರ್ಯವಿದು. ಹೊಣೆಯುಳ್ಳವನು ಕೈಗೊಳ್ಳಬಹುದಾದ ವ್ಯಾಸಂಗದ ಸ್ವರೂಪವೂ ಇದೇ. ಕವಿಯ ಸ್ಫೂರ್ತಿ ಹೇಳಿಕೇಳಿ ಬರುವುದಿಲ್ಲ. ಸಂಗ್ರಹಕಾರನ ಶ್ರಮವಾದರೋ ಬಿಡುವಿನ ಹೊತ್ತಿಗಾಗಿ ಕಾದು ಕುಳಿತಿರಬಲ್ಲುದು.

ಸಂಗೀತಶಾಸ್ತ್ರದ ಪರಂಪರೆಯನ್ನು ಅವಲೋಕಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿ ಶ್ರೀಕರಣಾಧಿಪತಿಯಾಗಿದ್ದವನು. ರಾಜ್ಯದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವುದು ಅವನ ವೃತ್ತಿ. ಹಗಲೆಲ್ಲ ಆಯವ್ಯಯದ ಅಂಕಿಗಳನ್ನು ತಾಳೆ ನೋಡಿದ ಕೈಯೇ ಇಪ್ಪತ್ತೆರಡು ಶ್ರುತಿಗಳ ಲೆಕ್ಕವನ್ನೂ ಬರೆಯಿತು. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತನ ಹೆಸರು ‘ಸಂಗೀತಸುಧೆ’ಯೊಡನೆ ಸೇರಿದೆ, ಅವನ ಮಗ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯನ್ನು ಬರೆದನು. ಇವರಿಗೆ ಶಾಸ್ತ್ರವು ವೃತ್ತಿಯಿಂದ ಓಡಿಹೋಗುವ ದಾರಿಯಾಗಿರಲಿಲ್ಲ. ವೃತ್ತಿಯು ಕಲಿಸಿದ ಕ್ರಮ, ತಾಳ್ಮೆ, ವರ್ಗೀಕರಣದ ಬುದ್ಧಿ ಇವೇ ಶಾಸ್ತ್ರರಚನೆಗೆ ಮೂಲಧನವಾದವು. ಚಿಕ್ಕಭೂಪಾಲನು ಈ ಸಾಲಿನಲ್ಲಿ ನಿಲ್ಲುವವನು.

ವೀರಶೈವ ಪರಂಪರೆಯಲ್ಲಿಯೂ ಇದಕ್ಕೆ ಹೋಲಿಕೆಗಳುಂಟು; ಅವು ಒಂದೇ ಬಗೆಯವಲ್ಲ. ನಿಜಗುಣ ಶಿವಯೋಗಿಗಳು ಮೊದಲು ಸೀಮೆಯೊಂದರ ಒಡೆಯರಾಗಿದ್ದು ಅದನ್ನು ತೊರೆದು ಶಂಭುಲಿಂಗನ ಬೆಟ್ಟದಲ್ಲಿ ತಪೋನಿರತರಾದರೆಂದು ಪರಂಪರೆ ಹೇಳುತ್ತದೆ. ಅವರ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರದ ನಿರೂಪಣೆಯೂ ಅಡಕವಾಗಿದೆ. ಅಧಿಕಾರವನ್ನು ಬಿಟ್ಟು ವಿದ್ಯೆಯನ್ನು ಉಳಿಸಿಕೊಂಡ ಮಾರ್ಗವದು. ಕೆಳದಿಯ ಬಸವರಾಜನಾದರೋ ೧೬೯೭ರಿಂದ ೧೭೧೪ರವರೆಗೆ ಸಿಂಹಾಸನದಲ್ಲಿದ್ದುಕೊಂಡೇ ೧೭೦೯ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ಮುಗಿಸಿದನು. ಎರಡನ್ನೂ ಹೊತ್ತು ನಡೆದ ಮಾರ್ಗವಿದು. ಮೊದಲನೆಯದರಲ್ಲಿ ತ್ಯಾಗದ ಸೊಬಗಿದೆ. ಎರಡನೆಯದರಲ್ಲಿ ಭಾರದ ಸೊಬಗಿದೆ. ಒಂದನ್ನು ಹೊಗಳುವುದಕ್ಕಾಗಿ ಇನ್ನೊಂದನ್ನು ಹಳಿಯಬೇಕಾಗಿಲ್ಲ.

ಆದರೂ ಇತಿಹಾಸವು ನಿಷ್ಠುರವಾದುದು. ಗ್ರಂಥವನ್ನು ಕಂಡ ಶತಮಾನವೇ ಮಧುಗಿರಿಯ ಪ್ರಭುತ್ವದ ಅಂತ್ಯವನ್ನೂ ಕಂಡಿತು. ೧೬೭೮ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಕೋಟೆಯನ್ನು ಹಿಡಿಯಿತು. ಅಲ್ಲಿ ಜೊತೆಯಾಗಿ ಆಳುತ್ತಿದ್ದ ರಾಮಪ್ಪಗೌಡ, ತಿಮ್ಮಪ್ಪಗೌಡರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಮುಂದೆ ಬಿಡುಗಡೆ ಹೊಂದಿ ಮಿಡಿಗೇಶಿಯನ್ನಷ್ಟೇ ಮೈಸೂರಿನ ಅಧೀನದಲ್ಲಿ ಪಡೆದರು. ೧೬೮೭ರಲ್ಲಿ ಶಿರಾ ಮೊಗಲರ ಸುಬಾದ ರಾಜಧಾನಿಯಾಯಿತು. ೧೭೬೧ರಲ್ಲಿ ಹೈದರಾಲಿಯ ವಶವಾಯಿತು. ಮಧುಗಿರಿಯ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿ ಬಲಪಡಿಸಿದವನೂ ಹೈದರನೇ.

ಇದನ್ನು ಕಂಡು ‘ಪ್ರಭು ಹಾಡಿನಲ್ಲಿ ಮುಳುಗಿದ, ನಾಡು ಮುಳುಗಿತು’ ಎಂದು ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಆ ಶತಮಾನದಲ್ಲಿ ಶಾಸ್ತ್ರ ಬರೆಯದ ಪಾಳೆಯಗಾರರೂ ಅಳಿದರು. ಕುದುರೆಯ ಮೇಲಿಂದ ಇಳಿಯದೆ ಯುದ್ಧ ಮಾಡಿದವರೂ ಅಳಿದರು. ಗ್ರಂಥ ಬರೆದ ಬಸವರಾಜನ ಕೆಳದಿ ರಾಜ್ಯ ಆತನ ಅನಂತರವೂ ಅರ್ಧ ಶತಮಾನ ಬಾಳಿತು. ೧೭೬೩ರಲ್ಲಿ ಬಿದನೂರು ಹೈದರನಿಗೆ ವಶವಾದಾಗ ಅಲ್ಲಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟುದು ಈ ಮಧುಗಿರಿಯ ಕೋಟೆಯಲ್ಲಿಯೇ. ೧೭೬೭ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಗೆದ್ದಾಗ ಆಕೆಗೆ ಬಿಡುಗಡೆಯಾಯಿತು. ಶಾಸ್ತ್ರ ಬರೆದ ಪ್ರಭುವಿನ ದುರ್ಗವು, ಶಾಸ್ತ್ರ ಬರೆದ ಇನ್ನೊಬ್ಬ ದೊರೆಯ ಮನೆತನದ ಕೊನೆಯ ರಾಣಿಗೆ ಸೆರೆಮನೆಯಾದುದು ಕಾಲಚಕ್ರದ ವಿಚಿತ್ರಗತಿ. ರಾಜ್ಯಗಳು ಬೀಳುವುದಕ್ಕೆ ಸೇನೆಯ ಪ್ರಮಾಣ, ನೆರೆಯ ಶಕ್ತಿಗಳ ಏರಿಳಿತ, ಬೊಕ್ಕಸದ ಬಲಾಬಲಗಳು ಕಾರಣ; ಓಲೆಯ ಕಟ್ಟೊಂದು ಅಷ್ಟು ಭಾರವನ್ನು ಹೊರಲಾರದು.

ಹಾಗೆಂದು ವ್ಯಾಸಂಗವು ಯಾವ ಲೆಕ್ಕಕ್ಕೂ ಒಳಪಡದೆಂದು ಹೇಳಲಾಗದು. ಆ ಲೆಕ್ಕವನ್ನು ಕೇಳಿದವಳು ಆಯ್ದಕ್ಕಿ ಲಕ್ಕಮ್ಮ. ಶರಣರ ಅನುಭಾವಗೋಷ್ಠಿಯನ್ನು ನಿರೂಪಿಸುವ ‘ಶೂನ್ಯಸಂಪಾದನೆ’ಯ ಪರಿಷ್ಕರಣಗಳಲ್ಲೊಂದು ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರದು. ಅದರಲ್ಲಿ ಬರುವ ಮಾರಯ್ಯ ದಂಪತಿಗಳ ಪ್ರಸಂಗ ಎಲ್ಲರಿಗೂ ಪರಿಚಿತವಾದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಮ್ಮೆ ಆತ ಅನುಭಾವದ ಮಾತಿನಲ್ಲಿ ತಲ್ಲೀನನಾಗಿ ಕಾಯಕವನ್ನು ಮರೆತನು. ಆಗ ಲಕ್ಕಮ್ಮ ಬಂದು ಕಾಯಕ ನಿಂತಿದೆಯೆಂದು ಎಚ್ಚರಿಸಿದಳು. ಇನ್ನೊಮ್ಮೆ ಮಾರಯ್ಯ ಉತ್ಸಾಹದಿಂದ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದು ಅತ್ಯುನ್ನತವಾದ ಆಸಕ್ತಿಗೂ ರಿಯಾಯಿತಿ ಕೊಡುವುದಿಲ್ಲ. ಮಾರಯ್ಯ ಜೂಜಿನಲ್ಲಿಯೋ ವ್ಯಸನದಲ್ಲಿಯೋ ಮುಳುಗಿರಲಿಲ್ಲ; ಅಲ್ಲಮಪ್ರಭುವಿನ ಸನ್ನಿಧಿಯ ಮಾತಿನಲ್ಲಿ ಮುಳುಗಿದ್ದನು. ಅದಕ್ಕೂ ಕಾಯಕ ನಿಲ್ಲಬಾರದು. ಎರಡನೆಯದು ಕಾಯಕಕ್ಕೇ ಮಿತಿಯನ್ನು ವಿಧಿಸುತ್ತದೆ. ದುಡಿಮೆಯೂ ಆಸೆಯಾಗಿ ಬೆಳೆದು ಇಡೀ ಬಾಳನ್ನು ನುಂಗಬಹುದು. ಇಂದಿಗೆ ಬೇಕಾದಷ್ಟು ಸಾಕು, ಉಳಿದ ಹೊತ್ತು ಅನುಭಾವಕ್ಕೆ. ಒಂದನ್ನು ಇನ್ನೊಂದರ ಕಾವಲಿಗೆ ನಿಲ್ಲಿಸಿದ ಬಗೆಯಿದು. ಲಕ್ಕಮ್ಮ ಮಾರಯ್ಯನನ್ನು ಗೋಷ್ಠಿಯಿಂದ ಶಾಶ್ವತವಾಗಿ ಎಬ್ಬಿಸಲಿಲ್ಲ. ಅಕ್ಕಿಯನ್ನು ಆಯ್ದು ಬಂದವನಿಗೆ ಗೋಷ್ಠಿಯ ಬಾಗಿಲು ತೆರೆದೇ ಇತ್ತು. ಸಮತೋಲವೆಂದರೆ ದಿನವನ್ನು ಎರಡು ಸಮಪಾಲು ಮಾಡುವುದಲ್ಲ. ಎದ್ದು ಹೋಗಬೇಕಾದ ಗಳಿಗೆಯನ್ನು ಬಲ್ಲವನಾಗಿರುವುದು. ಆ ಗಳಿಗೆಯನ್ನು ತಾನೇ ಅರಿಯದಿದ್ದಾಗ, ಹೇಳುವವರ ಮಾತಿಗೆ ಕಿವಿಗೊಡುವುದು.

ಚಿಕ್ಕಭೂಪಾಲನ ಗ್ರಂಥವು ನಮ್ಮ ಕಾಲಕ್ಕೆ ತಲುಪಿದ ಬಗೆಯೂ ಇದೇ ಪಾಠವನ್ನು ಹೇಳುತ್ತದೆ. ಓಲೆಯಲ್ಲಿ ಉಳಿದಿದ್ದ ಅದನ್ನು ಮೈಸೂರಿನ ರಾ. ಸತ್ಯನಾರಾಯಣ ಅವರು ಸಂಪಾದಿಸಿ ೧೯೬೦ರಲ್ಲಿ ಬೆಳಕಿಗೆ ತಂದರು. ಸಂಗೀತ ಮತ್ತು ನೃತ್ಯಶಾಸ್ತ್ರಗಳಲ್ಲಿ ಅಗಾಧ ಪಾಂಡಿತ್ಯವಿದ್ದ ಈ ವಿದ್ವಾಂಸರ ವೃತ್ತಿ ಸಂಗೀತವಾಗಿರಲಿಲ್ಲ. ಅವರು ಮೈಸೂರಿನ ಶಾರದಾವಿಲಾಸ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ತರಗತಿ, ಪ್ರಯೋಗಶಾಲೆಗಳ ಕರ್ತವ್ಯದ ಜೊತೆಜೊತೆಗೇ ಪುಂಡರೀಕ ವಿಟ್ಠಲನ ‘ನರ್ತನನಿರ್ಣಯ’, ವೆಂಕಟಮಖಿಯ ‘ಚತುರ್ದಂಡೀಪ್ರಕಾಶಿಕೆ’ ಮೊದಲಾದ ಗ್ರಂಥಗಳ ಸಂಪಾದನೆಗೆ ಬೇಕಾದ ವಿದ್ವತ್ತು ದಶಕಗಳ ಕಾಲ ಬೆಳೆಯಿತು. ೨೦೧೮ರಲ್ಲಿ ಪದ್ಮಶ್ರೀ ಗೌರವ ಪಡೆದ ಅವರು ೨೦೨೦ರಲ್ಲಿ ಕಾಲವಾದರು. ಲೆಕ್ಕಪತ್ರದ ಶಾರ್ಙ್ಗದೇವ, ದುರ್ಗದ ಚಿಕ್ಕಭೂಪಾಲ, ಪ್ರಯೋಗಶಾಲೆಯ ಸತ್ಯನಾರಾಯಣ: ಏಳು ಶತಮಾನಗಳ ಅಂತರದಲ್ಲಿ ಹರಡಿದ ಈ ಮೂವರೂ ಬೇರೆ ಕೆಲಸವಿದ್ದ ಜನರೇ. ವಿದ್ಯೆಯನ್ನು ಉಳಿಸಿದ ಶ್ರೇಯಸ್ಸು ಪೂರ್ಣ ಬಿಡುವಿದ್ದವರಿಗಿಂತ ಬಿಡುವನ್ನು ದುಡಿದು ಪಡೆದವರಿಗೆ ಹೆಚ್ಚಾಗಿ ಸಲ್ಲಬೇಕೆಂದು ತೋರುತ್ತದೆ.

ಇಂದು ಮಧುಗಿರಿಯ ಬೆಟ್ಟವನ್ನು ಹತ್ತುವವರು ಹೈದರನ ಕಲ್ಲುಗೋಡೆಗಳನ್ನು ಕಾಣುತ್ತಾರೆ. ಹಿರೇಗೌಡನ ಮಣ್ಣಿನ ಕೋಟೆ ಕಣ್ಣಿಗೆ ಬೀಳುವುದಿಲ್ಲ. ಬೆಟ್ಟದ ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ದೇಗುಲಗಳು ನಿಂತಿವೆ, ಪ್ರಭುಗಳ ಸಿಂಹಾಸನವಿಲ್ಲ. ಮಹಾನಾಡ ಪ್ರಭುಗಳು ಕಾದಿದ ಕಾಳಗಗಳ ವಿವರ ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ಬೇಕು. ಆಳ್ವಿಕೆಯ ದಣಿವಿನ ನಡುವೆ ಅವರಲ್ಲೊಬ್ಬನು ಸ್ವಲ್ಪಸ್ವಲ್ಪವಾಗಿ ಕೂಡಿಸಿಟ್ಟ ಸಾರಸಂಗ್ರಹವು ಮಾತ್ರ ನಾದವನ್ನು ಅರಸುವವರ ಕೈಯಲ್ಲಿದೆ. ಇದರಿಂದ ಹೊಣೆ ಕಿರಿದು, ವಿದ್ಯೆ ಹಿರಿದು ಎಂದು ತಿಳಿಯಬಾರದು. ಅಂದು ಆ ಕೋಟೆಯ ನೆರಳಿನಲ್ಲಿ ರಾಗಿ ಬೆಳೆದವರಿಗೆ ಕೆರೆಯ ಏರಿ ಗಟ್ಟಿಯಾಗಿರುವುದೇ ಮೊದಲ ಸಂಗೀತವಾಗಿತ್ತು. ಏರಿಯ ಮೇಲೆ ಒಂದು ಕಣ್ಣು, ಓಲೆಯ ಮೇಲೆ ಒಂದು ಕಣ್ಣು ಇಟ್ಟವನೇ ಎರಡಕ್ಕೂ ಸಲ್ಲುವನು. ಒದ್ದೆಯಾದ ಕುರಿಯನ್ನು ಗುರುತಿಸಿದ ಎಚ್ಚರವೂ, ಸ್ವರದಿಂದ ಸ್ವರವನ್ನು ಬೇರ್ಪಡಿಸಿದ ಎಚ್ಚರವೂ ಬೇರೆಬೇರೆಯಲ್ಲ. ಒಂದೇ ಒರತೆಯ ನೀರು.