ರಾಣಿ ರಾಮದತ್ತೆಯ ಪತ್ತೇದಾರಿಕೆ

ಹಿಂದಿನ ಕಾಲದ ರಾಜಧಾನಿಯೊಂದನ್ನು ಕಲ್ಪಿಸಿ, ಅಲ್ಲಿಯ ಗೃಹಿಣಿಯೊಬ್ಬಳು ಕೇವಲ ತನ್ನ ಬುದ್ಧಿಬಲದಿಂದ ಕಳವನ್ನು ಹೊರಗೆಡಹುವ ಕಥೆಗಳನ್ನು ಈಗ ನಮ್ಮ ಮನೆಗಳಲ್ಲಿ ಆಸ್ಥೆಯಿಂದ ಓದುತ್ತಿರುವರು. ಇದು ಆಂಗ್ಲರಿಂದ ಬಂದ ಬೆಳೆಯೆಂದು ಹಲವರ ಎಣಿಕೆ. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಎಂಬ ಹಳ್ಳಿಯ ವೃದ್ಧೆಯು ಕಾದಂಬರಿಯಲ್ಲಿ ಮೊದಲು ತೋರಿದ್ದು 1930 ರಲ್ಲಿ. ಆದರೆ ನಮ್ಮ ಹಂಸಭಾವಿಯ ಸೀಮೆಗೆ ಸೇರಿದ ಬಂಕಾಪುರದಲ್ಲಿ, ಶಕ 820 ರಲ್ಲಿ, ಎಂದರೆ ಕ್ರಿಸ್ತಶಕ 898 ರಲ್ಲಿ, ಪೂಜೆಗೊಂಡ ಸಂಸ್ಕೃತ ಗ್ರಂಥವೊಂದರಲ್ಲಿ ಅಂಥ ಕಥೆಯೇ ಇರುವದು. ಅದು ಗುಣಭದ್ರಾಚಾರ್ಯರ ಉತ್ತರಪುರಾಣ. ಆಗ ರಾಷ್ಟ್ರಕೂಟ ಅಕಾಲವರ್ಷ ಕೃಷ್ಣನ ಮಾಂಡಲಿಕನಾದ ಲೋಕಾದಿತ್ಯನು, ತನ್ನ ತಂದೆ ಬಂಕೆಯನ ಹೆಸರಿನ ಆ ಪಟ್ಟಣದಿಂದ ವನವಾಸಿ ನಾಡನ್ನು ಆಳುತ್ತಿದ್ದನು.

ಕಥೆಯು ವಿಮಲನಾಥ ತೀರ್ಥಂಕರರ ಪ್ರಕರಣದಲ್ಲಿ ಬರುತ್ತದೆ. ಭದ್ರಮಿತ್ರನೆಂಬ ವರ್ತಕನು ಸಿಂಹಪುರದ ಮಂತ್ರಿ ಶ್ರೀಭೂತಿಯಲ್ಲಿ ರತ್ನಗಳನ್ನು ಇರಿಸಿ ಊರಿಗೆ ಹೋದನು. ಮಂತ್ರಿಗೆ ಸತ್ಯಘೋಷನೆಂಬ ಬಿರುದು ಬೇರೆ! ತಿರುಗಿ ಬಂದು ಕೇಳಲು, ಮಂತ್ರಿಯು ಯಾವ ರತ್ನವೆಂದನು. ಬರಹವಿಲ್ಲ, ಸಾಕ್ಷಿಯಿಲ್ಲ. ಪಾಪ, ವರ್ತಕನು ಪ್ರತಿದಿನ ಮುಂಜಾನೆ ಮರವನ್ನೇರಿ ಗೋಳಿಡತೊಡಗಿದನು, ಜನರು ಹುಚ್ಚನೆಂದರು. ಅರಸ ಸಿಂಹಸೇನನ ಕಿವಿಗೂ ಅದೇ ಕೂಗು ಬೀಳುತ್ತಿದ್ದಿತು. ಆದರೆ ಅದನ್ನು ಕೇಳಿ ವಿಚಾರ ಮಾಡಿದವಳು ರಾಣಿ ರಾಮದತ್ತೆಯೊಬ್ಬಳೇ. ಹುಚ್ಚನ ಮಾತು ದಿನಕ್ಕೊಂದು ಬಗೆಯಾಗುವದು. ಇವನು ಪ್ರತಿದಿನವೂ ಒಂದನ್ನೇ ಹೇಳುತ್ತಿರುವನು, ಆದುದರಿಂದ ಇವನು ಹುಚ್ಚನಲ್ಲ, ಎಂದು ಆಕೆಯ ತರ್ಕ. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದಕ್ಕಿಂತ ಶುದ್ಧವಾದ ಅನುಮಾನ ಬೇಕೇ?

ಮುಂದೆ ಆಕೆಯು ಮಂತ್ರಿಯೊಡನೆ ಜೂಜಾಡಿ, ಅವನ ಮುದ್ರೆಯುಂಗುರವನ್ನೂ ಯಜ್ಞೋಪವೀತವನ್ನೂ ಗೆದ್ದುಕೊಂಡಳು. ಅವುಗಳನ್ನು ಗುರುತಿಗೆಂದು ಕೊಟ್ಟು ನಿಪುಣಮತಿಯೆಂಬ ದಾದಿಯನ್ನು ಮಂತ್ರಿಯ ಮನೆಗೆ ಕಳಿಸಲು, ರತ್ನದ ಕರಂಡಕವು ಅಲ್ಲಿಂದ ಹೊರಬಿದ್ದಿತು. ಅರಸನು ಅದರಲ್ಲಿ ಬೇರೆ ರತ್ನಗಳನ್ನು ಬೆರಸಿ ಭದ್ರಮಿತ್ರನ ಮುಂದಿಟ್ಟಾಗ, ಆತನು ತನ್ನವುಗಳನ್ನಷ್ಟೇ ಆರಿಸಿಕೊಂಡನು. ಹೀಗೆ ಕಳ್ಳನೂ ಸಿಕ್ಕನು, ದೂರುಗಾರನ ಪ್ರಾಮಾಣಿಕತೆಯೂ ಸಿದ್ಧವಾಯಿತು.

ರಾಣಿಯು ಮಾಡಿದ್ದು ಕಪಟವಲ್ಲವೇ ಎಂದು ವಾಚಕರು ಕೇಳಬಹುದು. ಪಾಠ ಹೇಳುವಾಗ ಹುಡುಗರೂ ನನ್ನನ್ನು ಕೇಳಿದ್ದುಂಟು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವನ್ನು ಎರಡನೆಯದಾಗಿ ಎಣಿಸುವದು. ಸಾಕ್ಷಿಗಳಿಲ್ಲದಿದ್ದರೆ ಗೂಢಚಾರರ ಕೈಯಿಂದ ಆರೋಪಿಯಲ್ಲಿ ಚಿನ್ನವನ್ನು ಇರಿಸಿ, ಮರಳಿ ಬೇಡಿ ಪರೀಕ್ಷಿಸಬೇಕೆಂದು ಅಲ್ಲಿ ವಿಧಿಯಿದೆ. ಅಂದ ಬಳಿಕ ಉಪಾಯವು ಶಾಸ್ತ್ರಕ್ಕೆ ಹೊರತಾದುದಲ್ಲ. ಆದರೆ ಆ ಚಿನ್ನವನ್ನು ಆರೋಪಿಯು ಸರಳವಾಗಿ ಮರಳಿ ಕೊಟ್ಟರೆ, ಮೊದಲಿನ ದೂರು ಅಲ್ಲಿಗೇ ಬೀಳುವದು. ಸತ್ಯಘೋಷನಂಥ ಧೂರ್ತನು ಹಾಗೆ ಕೊಡದೆ ಇರುತ್ತಿದ್ದನೇ? ಸ್ಮೃತಿಯ ಪರೀಕ್ಷೆಯು ಮನುಷ್ಯನ ಗುಣವನ್ನು ಅಳೆಯುವದು. ರಾಮದತ್ತೆಯ ಉಪಾಯವು ರತ್ನವನ್ನೇ ತಂದಿತು. ಈ ಒಂದು ವಿಷಯದಲ್ಲಿ ಸ್ಮೃತಿಕಾರರಿಗಿಂತ ಆಕೆಯೇ ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ.

ಮಂತ್ರಿಗೆ ಸರ್ವಸ್ವಹರಣ, ಮಲ್ಲನ ಪೆಟ್ಟು, ಗೋಮಯಭಕ್ಷಣ ಎಂಬ ದಂಡನೆಗಳಾದವು. ಅವನು ಸತ್ತು, ಅರಸನ ಭಂಡಾರದಲ್ಲಿಯೇ ಸರ್ಪವಾಗಿ ಹುಟ್ಟಿ, ಸಿಂಹಸೇನನನ್ನು ಕಚ್ಚಿ ಕೊಂದನು. ರಾಮದತ್ತೆಯು ಅರಮನೆಯನ್ನು ಬಿಟ್ಟು ಆರ್ಯಿಕೆಯಾದಳು.