ಮಾರ್ಕ್ಸ್ ಬಿಗಿ ಹಿಡಿದ್ರೆ ಕಾಲೇಜು ಒಳ್ಳೇದಾ?

ಭಾಗ 1
ಪಿಯುಸಿ ಮುಗಿಸಿದ ಸುಮಾರು ಜನ ಮೆಸೇಜ್ ಮಾಡಿ ಕೇಳ್ತಿದ್ದೀರಿ: "ಆ ಕಾಲೇಜಲ್ಲಿ ಮಾರ್ಕ್ಸ್ ಕೊಡೋದೇ ಇಲ್ವಂತೆ, ಅಂದ್ಮೇಲೆ ಸ್ಟ್ಯಾಂಡರ್ಡ್ ಇರ್ಬೇಕು ಅಲ್ವಾ?" ಬನ್ನಿ, 1858ಕ್ಕೆ ಹೋಗಿ ನೋಡೋಣ.

ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ. ಮರುವರ್ಷವೇ ಕಲ್ಕತ್ತಾದಲ್ಲಿ ಮೊದಲ ಬಿ.ಎ. ಪರೀಕ್ಷೆ. ಬರೆದವರು 10 ಜನ. ನಿಯಮದ ಪ್ರಕಾರ ಪಾಸಾದವರು ಒಬ್ಬರೂ ಇಲ್ಲ! ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿ ಬರೆದಿದ್ದರು. ಆರನೆಯದರಲ್ಲಿ ಕಮ್ಮಿಯಾಗಿದ್ದು ಹೆಚ್ಚೆಂದರೆ 7 ಅಂಕ. ಗ್ರೇಸ್ ಮಾರ್ಕ್ಸ್ ಕೊಟ್ಟು ಅವರನ್ನು ಎರಡನೇ ದರ್ಜೆಯಲ್ಲಿ ದಾಟಿಸಿದರು. ಒಬ್ಬರು ಜದುನಾಥ ಬೋಸ್. ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ಹೌದು, 'ಆನಂದಮಠ'ದ ಬಂಕಿಮರೇ. ಬಿ. ವೆಂಕಟಾಚಾರ್ಯರ ಅನುವಾದದಲ್ಲಿ ಕನ್ನಡದವರು ಮುಗಿಬಿದ್ದು ಓದಿದ ಕಾದಂಬರಿಕಾರ, ಗ್ರೇಸ್ ಮಾರ್ಕ್ಸ್ ಪದವೀಧರ.

ಭಾಗ 2
ಪರೀಕ್ಷೆ ಇಷ್ಟು ಬಿಗಿ ಅಂದ್ರೆ ಪಾಠ ಇನ್ನೆಷ್ಟು ಗಟ್ಟಿ ಇರ್ಬೇಕು ಅನ್ಸುತ್ತೆ ಅಲ್ವಾ? ಆದರೆ ಆ ವಿಶ್ವವಿದ್ಯಾಲಯ ಪಾಠವನ್ನೇ ಮಾಡ್ತಿರಲಿಲ್ಲ! ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ನಡೆಸೋದು, ಪದವಿ ಕೊಡೋದು, ಅಷ್ಟೇ ಅದರ ಕೆಲಸ. ಕಲಿಸೋದು ಕಾಲೇಜುಗಳ ಪಾಡು. 1864ರಲ್ಲಿ ಶುರುವಾದ ಲಾಹೋರಿನ ಸರ್ಕಾರಿ ಕಾಲೇಜೂ ಮೊದಲು ಕಲ್ಕತ್ತಾಗೇ ಸೇರಿತ್ತು. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಆಡಿಟರ್ ಖಡಕ್ ಇದ್ದಾನೆ ಅಂದ ಮಾತ್ರಕ್ಕೆ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಇದರಿಂದ ತರಗತಿಗೆ ಏನಾಯ್ತು? ಪರೀಕ್ಷೆಗೆ ಬರೋದಷ್ಟೇ ಪಾಠ ಆಯ್ತು, ಉರು ಹೊಡೆಯೋದೇ ಓದು ಆಯ್ತು. ಕರ್ಜನ್ ಕಾಲದ 1902ರ ಆಯೋಗದ ದೊಡ್ಡ ದೂರೇ ಇದು: ಪಾಠಕ್ಕೆ ತಕ್ಕ ಪರೀಕ್ಷೆ ಇಲ್ಲ, ಪರೀಕ್ಷೆಗೆ ತಕ್ಕ ಪಾಠ ನಡೀತಿದೆ. 1904ರ ಕಾಯ್ದೆ ಬಂದ್ಮೇಲೆ ವಿಶ್ವವಿದ್ಯಾಲಯಗಳೇ ಪಾಠ ಮಾಡೋಕೂ ದಾರಿ ಆಯ್ತು.

ಭಾಗ 3
ನಮ್ಮ ಕಡೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಆಗ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದ ಮೇಲೇ ಆ ನಂಟು ಬಿಟ್ಟಿದ್ದು. ಅದೇ ಮದ್ರಾಸಿನ ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಹುಡುಗನ ಹೆಸರು ಶ್ರೀನಿವಾಸ ರಾಮಾನುಜನ್. ಗಣಿತ ಬಿಟ್ಟು ಬೇರೆ ವಿಷಯ ಕೈ ಹಿಡಿಯಲಿಲ್ಲ, ಎಲ್ಲದರಲ್ಲೂ ಪಾಸಾಗಲೇಬೇಕಿತ್ತು. 1913ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ತಿಂಗಳಿಗೆ 75 ರೂಪಾಯಿ ಸಂಶೋಧನಾ ವೇತನ ಕೊಟ್ಟಿತು. ಪದವಿ ಇಲ್ಲದವರಿಗೆ!

ಹಾಗಂತ ಧಾರಾಳವಾಗಿ ಮಾರ್ಕ್ಸ್ ಹಂಚೋ ಕಾಲೇಜು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಅಲ್ಲೂ ಕ್ಲಾಸ್ ಖಾಲಿ ಇರಬಹುದು. ಅಡ್ಮಿಷನ್‌ಗೆ ಮುಂಚೆ ಅಲ್ಲಿನ ಸೀನಿಯರ್‌ನ ಹಿಡಿದು ಕೇಳಿ: ಇಂಟರ್ನಲ್ಸ್ ಪೇಪರ್ ವಾಪಸ್ ಕೊಡ್ತಾರಾ? ತಪ್ಪು ಎಲ್ಲಿ ಅಂತ ಕೂರಿಸಿಕೊಂಡು ಹೇಳ್ತಾರಾ? ಏನು ಉತ್ತರ ಸಿಕ್ತು ಅಂತ ಕಾಮೆಂಟ್‌ನಲ್ಲಿ ಹಾಕಿ. ಕಾಲೇಜಿನ ಹೆಸರು ಬೇಡ ಆಯ್ತಾ!