ಪೀಣ್ಯದಿಂದ ಚಂದ್ರನಿಗೆ ಎಳೆದ ಅಳತೆಯ ದಾರ

ಟಿ. ದಾಸರಹಳ್ಳಿಯ ವಿದ್ಯಾರ್ಥಿಗಳಿಗೆ ನೆರೆಯ ಪೀಣ್ಯವೆಂದರೆ ಲೇತ್ ಯಂತ್ರಗಳ ಸದ್ದು, ಲಾರಿಗಳ ಸಾಲು, ಪಾಳಿ ಮುಗಿಸಿ ಬರುವ ಕಾರ್ಮಿಕರು. ಆದರೆ ನಮ್ಮ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಇದೇ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಎಂಬುದು ನಿಮಗೆ ಗೊತ್ತೆ? ಯು.ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಮೇಲೇರಿತು. ಆ ಜಾಗದಲ್ಲೇ ಇಂದು ಇಸ್ರೋ ಸಂಸ್ಥೆಯ ‘ಲಿಯೋಸ್’ ಪ್ರಯೋಗಾಲಯವಿದೆ. ಚಂದ್ರನ ಏರುತಗ್ಗುಗಳನ್ನು ಲೇಸರ್ ಬೆಳಕಿನಿಂದ ಅಳೆದ ಭಾರತದ ಮೊದಲ ಉಪಕರಣ ಈ ಪ್ರಯೋಗಾಲಯದ್ದು.

ದೂರವನ್ನು ಅಳೆಯುವ ಹಂಬಲ ನಮ್ಮ ಊರಿಗೆ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿ ಹಿಡಿದು ವಾರಗಟ್ಟಲೆ ಅಳೆದನು. ಬಿಸಿಲಿಗೆ ಉಕ್ಕು ಹಿಗ್ಗಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಉಷ್ಣತೆಯ ಮೇಲೂ ಕಣ್ಣಿಡಬೇಕಿತ್ತು. ಅಂಥ ರೇಖೆಯ ಎರಡು ತುದಿಗಳಿಂದ ಕೋನಗಳನ್ನು ನೋಡಿ, ತ್ರಿಕೋನಗಳ ಮೂಲಕ ದೂರದ ಬೆಟ್ಟಗಳನ್ನು ಲೆಕ್ಕ ಹಾಕುತ್ತಿದ್ದರು. ಆದರೆ ಅದಕ್ಕೂ ಕಾಲೂರಲು ನೆಲ ಬೇಕು.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದಾಗ ಹೊಸ ಸರಪಳಿಯೊಂದು ದೊರೆಯಿತು. ಎರಡೇ ವರ್ಷದಲ್ಲಿ ಅಲ್ಲಿನ ವಿಜ್ಞಾನಿಗಳು ಚಂದ್ರನತ್ತ ಲೇಸರ್ ಬೆಳಕನ್ನು ಕಳಿಸಿ, ಮರಳಿ ಬಂದದ್ದನ್ನು ಹಿಡಿದರು.

ಇದರ ತತ್ವ ಸರಳ. ಬಂಡೆಯೆದುರು ನಿಂತು ಕೂಗಿದರೆ ಪ್ರತಿಧ್ವನಿ ಬರುತ್ತದಲ್ಲವೆ? ಎಷ್ಟು ಹೊತ್ತಿಗೆ ಬಂತೆಂದು ತಿಳಿದರೆ ಬಂಡೆಯ ದೂರ ತಿಳಿಯುತ್ತದೆ. ಲೇಸರಿನಲ್ಲಿ ಕೂಗಿನ ಬದಲು ಬೆಳಕಿನ ಮಿಡಿತ. ಕಷ್ಟವಿರುವುದು ಗಡಿಯಾರದಲ್ಲಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. 5 ಮೀಟರ್ ಎತ್ತರದ ವ್ಯತ್ಯಾಸ ಕಾಣಬೇಕಾದರೆ ಸೆಕೆಂಡಿನ ನೂರು ಕೋಟಿಯಲ್ಲಿ 33 ಭಾಗದಷ್ಟು ಕಾಲವನ್ನು ಗುರುತಿಸಬೇಕು!

ಲಿಯೋಸ್‌ನಲ್ಲಿ ಜೆ.ಎ. ಕಮಲಾಕರ್ ಮತ್ತು ಸಂಗಡಿಗರು ಸಾಧಿಸಹೊರಟದ್ದು ಇದನ್ನೇ. ಅವರ ಉಪಕರಣ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೆಕೆಂಡಿಗೆ 10 ಬಾರಿ ಮಿಡಿಯುತ್ತಿತ್ತು. ಮರಳಿದ ಮಂದ ಬೆಳಕನ್ನು 17 ಸೆಂ.ಮೀ. ಅಗಲದ ದೂರದರ್ಶಕ ಹಿಡಿಯುತ್ತಿತ್ತು. ಅದನ್ನು ಹೊತ್ತ ಚಂದ್ರಯಾನ-1 ನೌಕೆ 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊರಟಿತು. ನವೆಂಬರ್ 16ರಂದು, ಚಂದ್ರನಿಂದ 100 ಕಿ.ಮೀ. ಎತ್ತರದಲ್ಲಿ, ಉಪಕರಣವನ್ನು ಚಾಲೂ ಮಾಡಲಾಯಿತು.

ಛಾಯಾಚಿತ್ರ ಸಾಲದೆ, ಎಂದು ನೀವು ಕೇಳಬಹುದು. ಕ್ಯಾಮೆರಾದೊಡನೆ ದಿನ ಕಳೆಯುವ ನಮಗೆ ಅದರ ಮಿತಿ ಗೊತ್ತು: ಬೆಳಕಿಲ್ಲದೆ ಚಿತ್ರವಿಲ್ಲ. ಚಂದ್ರನ ಧ್ರುವಗಳ ಬಳಿಯ ಕೆಲವು ಗುಳಿಗಳ ತಳಕ್ಕೆ ಬಿಸಿಲೇ ಬೀಳುವುದಿಲ್ಲ. ಲೇಸರಾದರೋ ತನ್ನ ದೀಪವನ್ನು ತಾನೇ ಒಯ್ಯುತ್ತದೆ. ಅದಕ್ಕೆ ಹಗಲಿರುಳುಗಳ ಹಂಗಿಲ್ಲ.

ಆದರೆ ಎಲ್ಲವೂ ಎಣಿಸಿದಂತೆ ನಡೆಯಲಿಲ್ಲ. ನಕ್ಷತ್ರಗಳನ್ನು ನೋಡಿ ನೌಕೆಯ ದಿಕ್ಕು ತಿಳಿಸುವ ಸಂವೇದಕಗಳು ಕೆಟ್ಟವು. 2009ರ ಮೇ 19ರಂದು ನೌಕೆಯನ್ನು 200 ಕಿ.ಮೀ. ಎತ್ತರಕ್ಕೆ ಏರಿಸಲಾಯಿತು. ದೂರ ಇಮ್ಮಡಿಯಾದರೆ ಮರಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆಗಸ್ಟ್ 29ರಂದು ಸಂಪರ್ಕವೇ ಕಡಿಯಿತು. ಎರಡು ವರ್ಷಕ್ಕೆಂದು ಹೊರಟ ನೌಕೆ ಒಂದು ವರ್ಷವನ್ನೂ ತುಂಬಲಿಲ್ಲ.

ಕಲಿತ ವಿದ್ಯೆ ಮಾತ್ರ ಉಳಿಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಅದರ ಪುಟ್ಟ ಗಾಡಿ ‘ಪ್ರಜ್ಞಾನ್’ನಲ್ಲಿದ್ದ ಲಿಯೋಸ್ ನಿರ್ಮಿತ ಲೇಸರ್ ಉಪಕರಣ, ಮಣ್ಣನ್ನು ಮಿಡಿತಗಳಿಂದ ಕಾಯಿಸಿ, ಹೊಮ್ಮಿದ ಬೆಳಕಿನ ಬಣ್ಣಗಳನ್ನು ಬಿಡಿಸಿ, ಅಲ್ಲಿ ಗಂಧಕವಿದೆಯೆಂದು ಖಚಿತಪಡಿಸಿತು.

ಈಗ ನಿಮಗೊಂದು ಲೆಕ್ಕ. ನೌಕೆಯ ಎತ್ತರ ಬದಲಾಗದಿರುವಾಗ, ಗುಳಿಯ ಅಂಚಿನಿಂದ ಬಂದ ಬೆಳಕಿಗಿಂತ ತಳದಿಂದ ಬಂದ ಬೆಳಕು ಸೆಕೆಂಡಿನ ಹತ್ತು ಲಕ್ಷದಲ್ಲಿ 20 ಭಾಗ ಹೆಚ್ಚು ಕಾಲ ತೆಗೆದುಕೊಂಡಿತು. ಗುಳಿಯ ಆಳವೆಷ್ಟು? ಬೆಳಕು ಹೋಗಿ ಬರಬೇಕೆಂಬುದನ್ನು ಮರೆಯದಿರಿ. 3 ಕಿ.ಮೀ. ಎಂಬ ಉತ್ತರ ಬಂದಿತೆ? ಹಾಗಾದರೆ ಪೀಣ್ಯದಲ್ಲಿ ನಡೆದ ಕೆಲಸದ ಮೊದಲ ಪಾಠ ನಿಮಗೆ ಒಲಿದಿದೆ.